ಒಣಬ್ರೆಡ್ಡಿನ ಚೀಲ: ಕಜಕಸ್ತಾನದಲ್ಲಿ ಏಳು ದಿನ

ಮೊದಲ ದಿನ: ಅಲ್ಮಾಟಿ

ಧಾರವಾಡದವರು ದೂರದ ಊರಿಗೆ ಹೊರಟರೆಂದರೆ ಬಟ್ಟೆಗಿಂತ ಮೊದಲು ರೊಟ್ಟಿಯ ಲೆಕ್ಕ ಹಾಕುತ್ತಾರೆ. 2024ರ ಸೆಪ್ಟೆಂಬರಿನಲ್ಲಿ, ಗಣಪತಿ ಹಬ್ಬ ಮುಗಿದ ವಾರಕ್ಕೆ, ಅಲ್ಮಾಟಿಗೆ ಹೊರಟ ನನ್ನ ಪೆಟ್ಟಿಗೆಯ ಅರ್ಧಭಾಗವನ್ನು ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮತ್ತು ಗುರೆಳ್ಳು ಪುಡಿಗಳೇ ಆಕ್ರಮಿಸಿದ್ದವು. ತಂಗಿಯ ಮಗಳು ಅಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ದಿಲ್ಲಿಯಿಂದ ಸುಮಾರು ನಾಲ್ಕು ತಾಸಿನ ಹಾದಿ, ಹದಿನಾಲ್ಕು ದಿನಗಳವರೆಗೆ ಭಾರತೀಯರಿಗೆ ವೀಸಾ ಬೇಕಿಲ್ಲ, ನಾನು ನಿವೃತ್ತಳಾಗಿ ಆರು ತಿಂಗಳಾಗಿತ್ತು. ಹೋಗದಿರಲು ನೆಪವೇ ಇರಲಿಲ್ಲ. ಅದಲ್ಲದೆ ಆ ದೇಶವನ್ನು ನೋಡುವ ಹಳೆಯ ಆಸೆಯೂ ಒಂದಿತ್ತು. ನಮ್ಮ ಓಣಿಯ ಗ್ರಂಥಾಲಯದಲ್ಲಿ ಮಾಸ್ಕೋದ ಪ್ರಗತಿ ಮತ್ತು ರಾದುಗಾ ಪ್ರಕಾಶನಗಳ ಕನ್ನಡ ಪುಸ್ತಕಗಳು ಧಾರಾಳವಾಗಿದ್ದವು. ಗಟ್ಟಿ ರಟ್ಟಿನ, ನುಣುಪು ಕಾಗದದ ಆ ಪುಸ್ತಕಗಳಲ್ಲಿ ಗೋದಿಯ ಹೊಲಗಳು ಕಣ್ಣು ಹಾಯುವವರೆಗೂ ಹಬ್ಬಿರುತ್ತಿದ್ದವು ಮತ್ತು ಯಾರಿಗೂ ಹಸಿವೆಯಾಗುತ್ತಿರಲಿಲ್ಲ.

ಮಗಳು ಬಾಡಿಗೆಗೆ ಇರುವುದು ಐದು ಅಂತಸ್ತಿನ ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ. ಇಂಥ ಮನೆಗಳಿಗೆ ಜನ ಸೋವಿಯತ್ ನಾಯಕ ಕ್ರುಶ್ಚೇವ್ ಹೆಸರನ್ನೇ ಅಂಟಿಸಿ 'ಕ್ರುಶ್ಚ್ಯೋವ್ಕಾ' ಎನ್ನುತ್ತಾರೆ. 1950ರ ದಶಕದ ಕೊನೆಯಿಂದ ಇಡೀ ಸೋವಿಯತ್ ಒಕ್ಕೂಟದಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇವು ಎದ್ದು ನಿಂತವು. ಲಿಫ್ಟ್ ಇಲ್ಲ. ಅಡುಗೆಮನೆ ಎಷ್ಟು ಚಿಕ್ಕದೆಂದರೆ ಇಬ್ಬರು ಒಳಗೆ ನಿಂತರೆ ಮೂರನೆಯವರು ಹೊಸ್ತಿಲ ಮೇಲೇ ಉಳಿಯಬೇಕು. ಆದರೆ ನಗರಗಳಲ್ಲಿ ಐದಾರು ಕುಟುಂಬಗಳು ಒಂದೇ ಅಡುಗೆಮನೆಯಲ್ಲಿ ಒಲೆಗಾಗಿ ಸರದಿ ಕಾಯುತ್ತಿದ್ದ ಕಾಲವನ್ನು ಕಂಡವರಿಗೆ, ಬಾಗಿಲು ಹಾಕಿಕೊಳ್ಳಬಹುದಾದ ಸ್ವಂತ ಅಡುಗೆಮನೆ ಎನ್ನುವುದು ಅರಮನೆಗೆ ಸಮವಾಗಿ ಕಂಡಿರಬೇಕು.

ಮನೆಯೊಡತಿ ಎಪ್ಪತ್ತು ದಾಟಿದ, ಕೊರಿಯನ್ ಮೂಲದ ಹೆಂಗಸು. ಮಗಳು ಅವರನ್ನು 'ಬಾಬುಷ್ಕಾ', ಎಂದರೆ ಅಜ್ಜಿ, ಎಂದು ಕರೆಯುತ್ತಾಳೆ; ಎರಡು ದಿನಗಳಲ್ಲಿ ನನಗೂ ಅದೇ ಹೆಸರು ರೂಢಿಯಾಯಿತು. ಬಾಬುಷ್ಕಾಗೆ ಕೊರಿಯನ್ ಭಾಷೆ ಬಾರದು, ಮಾತೆಲ್ಲ ರಷ್ಯನ್ನಿನಲ್ಲೇ. ಅದನ್ನು ನನಗೆ ಧಾರವಾಡದ ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸ ಏಳು ದಿನವೂ ಮಗಳದಾಯಿತು. ಚಹಾಕ್ಕೆ ಕುಳಿತಾಗ ನಾನು ರೊಟ್ಟಿಯ ಗಂಟು ಬಿಚ್ಚಿದೆ. ಬಾಬುಷ್ಕಾ ಒಂದು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಅಂಚನ್ನು ಪಟ್ಟನೆ ಮುರಿದರು. ಆ ಸದ್ದಿಗೆ ಅವರ ಮುಖ ಬದಲಾಯಿತು. "ಸುಖಾರಿ," ಎಂದರು. ಒಣಗಿಸಿದ ಬ್ರೆಡ್ಡಿನ ತುಂಡುಗಳಿಗೆ ಆ ಹೆಸರಂತೆ. ಇದು ಎಷ್ಟು ದಿನ ಕೆಡದೆ ಇರುತ್ತದೆ ಎಂದು ಕೇಳಿದರು. ತಿಂಗಳುಗಟ್ಟಲೆ ಇರುತ್ತದೆ ಎಂದೆ. ತಲೆಯಾಡಿಸಿ, ಮುರಿದ ತುಂಡನ್ನು ಬಾಯಿಗೆ ಹಾಕಿಕೊಳ್ಳದೆ ತಟ್ಟೆಯ ಪಕ್ಕದಲ್ಲಿಟ್ಟು ಚಹಾ ಬಗ್ಗಿಸತೊಡಗಿದರು.

ಎರಡನೆಯ ದಿನ: ಹಸಿರು ಬಜಾರು

ಊರಿನ ನಡುವಿನ ಹಸಿರು ಬಜಾರಿನಲ್ಲಿ ಅರ್ಧ ದಿನ ಕಳೆದೆವು. ಸೋವಿಯತ್ ಕಾಲದ ಎತ್ತರದ ಛಾವಣಿಯ ಸಭಾಂಗಣದಲ್ಲಿ ಕುದುರೆ ಮಾಂಸಕ್ಕೆ ಒಂದು ಕಡೆ, ದನದ ಮಾಂಸಕ್ಕೆ ಇನ್ನೊಂದು ಕಡೆ, ಒಣಹಣ್ಣಿಗೆ ಮತ್ತೊಂದು ಕಡೆ ಎಂದು ಸಾಲುಗಳು ಹಂಚಿಹೋಗಿವೆ. ನನಗೆ ಮಾಂಸದ ಸಾಲು ದಾಟುವುದು ಸ್ವಲ್ಪ ಕಷ್ಟವೇ ಆಯಿತು. ಅದರಾಚೆ ಸೇಬಿನ ರಾಶಿಗಳು. 'ಅಪೋರ್ಟ್' ಎಂಬ ಇಲ್ಲಿಯ ಹೆಸರಾಂತ ತಳಿಯ ಒಂದೊಂದು ಹಣ್ಣು ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪ. 1865ರಲ್ಲಿ ವೊರೊನೆಜ್ ಕಡೆಯಿಂದ ಬಂದ ವಲಸಿಗನೊಬ್ಬ ತಂದ ಸಸಿಗಳಿಂದ ಈ ತಳಿ ಇಲ್ಲಿ ಬೇರೂರಿತು. ಆದರೆ ಸೇಬಿನ ತವರು ಈ ಊರ ಬೆನ್ನಿಗಿರುವ ಅಲಾತಾವ್ ಬೆಟ್ಟಗಳೇ ಇರಬೇಕೆಂದು 1929ರಲ್ಲಿ ಇಲ್ಲಿಗೆ ಬಂದು ಕಾಡುಸೇಬಿನ ತೋಪುಗಳನ್ನು ನೋಡಿದ ನಿಕೊಲಾಯ್ ವಾವಿಲೋವ್ ಗುರುತಿಸಿದ್ದರು. ಈಚಿನ ವಂಶವಾಹಿ ಅಧ್ಯಯನಗಳು ಅದನ್ನೇ ದೃಢಪಡಿಸಿವೆ. ಜಗತ್ತಿನ ಹಸಿವೆ ನೀಗಿಸಲೆಂದು ಖಂಡ ಖಂಡ ಸುತ್ತಿ ಬೀಜ ಕೂಡಿಟ್ಟ ಆ ವಿಜ್ಞಾನಿಯನ್ನು ಸ್ಟಾಲಿನ್ ಸರಕಾರ 1940ರಲ್ಲಿ ಸೆರೆಗೆ ಹಾಕಿತು. 1943ರ ಜನವರಿಯಲ್ಲಿ ಅವರು ಸಾರಾತೊವ್ ಜೈಲಿನಲ್ಲಿ ಅನ್ನವಿಲ್ಲದೆ ಸವೆದು ತೀರಿಕೊಂಡರು. ಅಪೋರ್ಟ್ ಕಚ್ಚಿದೆ. ಹುಳಿಸಿಹಿ, ಸ್ವಲ್ಪ ಹಿಟ್ಟು ಹಿಟ್ಟು. ನಮ್ಮ ಶಿಮ್ಲಾ ಸೇಬೇ ವಾಸಿ ಎನ್ನಿಸಿತಾದರೂ ಬಾಬುಷ್ಕಾಗೆ ಹೇಳಲಿಲ್ಲ.

ಬಜಾರಿನ ಒಂದು ಸಾಲಿನಲ್ಲಿ ಕೊರಿಯನ್ ಹೆಂಗಸರದೇ ರಾಜ್ಯ. ಬಿಳಿ ಮೇಲಂಗಿ ತೊಟ್ಟು, ದೊಡ್ಡ ಬೇಸನ್ನುಗಳಲ್ಲಿ ಬದನೆ, ಸೋಯಾ, ಎಲೆಕೋಸು, ಅಣಬೆ ಎಲ್ಲವನ್ನೂ ಕೆಂಪು ಖಾರ ಹಾಕಿ ಕಲಸಿಟ್ಟುಕೊಂಡು ನಿಂತಿರುತ್ತಾರೆ. ಎಲ್ಲಕ್ಕಿಂತ ದೊಡ್ಡ ರಾಶಿ ಕ್ಯಾರೆಟ್ಟಿನದು. ಇದರ ಹೆಸರು 'ಮಾರ್ಕೊವ್ಚಾ'. ಕ್ಯಾರೆಟ್ಟಿಗಿರುವ ರಷ್ಯನ್ ಹೆಸರಿಗೆ ಕೊರಿಯನ್ ಬಾಲ ಸೇರಿ ಆದ ಪದ. ಸೋಲ್ ನಗರದಿಂದ ಬಂದವರಿಗೆ ಈ ಪದಾರ್ಥ ಗೊತ್ತೇ ಇರುವುದಿಲ್ಲವೆಂದು ಬಾಬುಷ್ಕಾ ನಕ್ಕರು. ಕೊರಿಯನ್ನರು ಉಪ್ಪು ಖಾರ ಬೆರೆಸಿ ಹುಳಿ ಬರಿಸುವುದು ಉದ್ದನೆಯ ಚೀನೀ ಎಲೆಕೋಸನ್ನು. ಆ ಎಲೆಕೋಸು ಇಲ್ಲಿ ಸಿಗದಿದ್ದಾಗ, ಮಧ್ಯ ಏಷ್ಯಾದಲ್ಲಿ ಎಲ್ಲ ಕಡೆ ಸಿಗುವ ಕ್ಯಾರೆಟ್ಟಿಗೆ ಅದೇ ಸಂಸ್ಕಾರ ಕೊಟ್ಟರು. ಬದಲಿಗೆಂದು ಬಂದದ್ದು ಗದ್ದುಗೆಯ ಮೇಲೆ ಕುಳಿತುಬಿಟ್ಟಿತು: ಸೋವಿಯತ್ ಒಕ್ಕೂಟದ ಊರೂರಿನ ಮಾರುಕಟ್ಟೆಗಳಲ್ಲಿ 'ಕೊರಿಯನ್ ಕ್ಯಾರೆಟ್ಟು' ಮನೆಮಾತಾಯಿತು, ಕೊರಿಯಾದಲ್ಲಿ ಮಾತ್ರ ಅದರ ಸುಳಿವಿರಲಿಲ್ಲ.

ಸಂಜೆ ಮನೆಯಲ್ಲಿ ಅದನ್ನು ಮಾಡಿ ತೋರಿಸಿದರು. ಕ್ಯಾರೆಟ್ಟನ್ನು ಶಾವಿಗೆಯಷ್ಟು ತೆಳ್ಳಗೆ, ಉದ್ದುದ್ದ ಎಳೆಗಳಾಗಿ ತುರಿಯುವ ಮಣೆಯೊಂದು ಅವರಲ್ಲಿದೆ, ಅದರ ಮರದ ಅಂಚು ಸವೆದು ಅಂಗೈಯ ಆಕಾರಕ್ಕೆ ಬಂದಿದೆ. ಎಳೆಗಳಿಗೆ ಉಪ್ಪು, ಚಿಟಿಕೆ ಸಕ್ಕರೆ, ವಿನೆಗರ್ ಹಾಕಿ ಕೈಯಿಂದ ಹಿಸುಕುತ್ತಾ ಹೋದರು. ಬಿರುಸಾಗಿದ್ದದ್ದು ಬಾಡಿ ನೀರು ಬಿಟ್ಟಿತು. ಅದರ ಮೇಲೆ ಜಜ್ಜಿದ ಬೆಳ್ಳುಳ್ಳಿ, ಖಾರದ ಪುಡಿ, ಆಮೇಲೆ ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜದ ಪುಡಿ. ಬಾಣಲೆಯಲ್ಲಿ ಸೂರ್ಯಕಾಂತಿ ಎಣ್ಣೆ ಕಾಯಿಸಿ, ಈರುಳ್ಳಿ ಕಂದುವವರೆಗೆ ಹುರಿದು, ಈರುಳ್ಳಿಯನ್ನು ಎತ್ತಿ ಬದಿಗಿಟ್ಟು, ಸುಡುವ ಎಣ್ಣೆಯನ್ನು ಆ ಖಾರದ ಗುಡ್ಡೆಯ ನೆತ್ತಿಗೇ ಸುರಿದರು. ಚೊಂಯ್ ಎಂದಿತು. ಅಡುಗೆಮನೆಯ ತುಂಬ ನಮ್ಮ ಅವ್ವನ ಅಡುಗೆಮನೆಯ ವಾಸನೆ ಎದ್ದಿತು. "ದೊಡ್ಡವ್ವಾ, ಇದು ಒಗ್ಗರಣಿನs ಅಲ್ಲಾ?" ಎಂದಳು ಮಗಳು. ನಾನು ಗಜ್ಜರಿ ಕೋಸಂಬರಿಯ ವಿವರ ಹೇಳಿದೆ. ಅದಕ್ಕೆ ನೆನೆಸಿದ ಹೆಸರುಬೇಳೆ ಏಕೆ ಹಾಕುತ್ತೀರಿ ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರ ನನಗೂ ಹೊಳೆಯಲಿಲ್ಲ.

ಕ್ಯಾರೆಟ್ಟು ಖಾರ ಹೀರಿಕೊಳ್ಳುವ ತನಕ ಅಂಗಡಿಗಳ ಮಾತು ಬಂತು. 1970ರ ದಶಕದಲ್ಲಿ ಅವರು ಹೊಲಿಗೆ ಕಾರ್ಖಾನೆಯಲ್ಲಿದ್ದರು. ಬ್ರೆಡ್ಡು ಅಗ್ಗ, ಹಾಲು ಅಗ್ಗ, ಆದರೆ ಒಳ್ಳೆಯ ಮಾಂಸ, ಬೆಣ್ಣೆ, ಡಬ್ಬಿಯ ಬಟಾಣಿ ಇವೆಲ್ಲ 'ಡೆಫಿಟ್ಸಿಟ್', ಎಂದರೆ ಕೊರತೆಯ ಸಾಮಾನು. ಇಂಥದ್ದನ್ನು 'ಕೊಂಡೆ' ಎಂದು ಯಾರೂ ಹೇಳುತ್ತಿರಲಿಲ್ಲವಂತೆ, 'ದಕ್ಕಿಸಿಕೊಂಡೆ' ಎಂದೇ ಮಾತು. ಎಲ್ಲಿ ಸಾಲು ಕಂಡರೂ ಮೊದಲು ನಿಂತುಬಿಡುವುದು, ಆಮೇಲೆ ಮುಂದಿನವರನ್ನು "ಏನು ಕೊಡುತ್ತಿದ್ದಾರೆ?" ಎಂದು ಕೇಳುವುದು. ಮಾರುತ್ತಿದ್ದಾರೆ ಎಂದಲ್ಲ, ಕೊಡುತ್ತಿದ್ದಾರೆ. ಅದಕ್ಕಾಗಿ ಎಲ್ಲರ ಕಿಸೆಯಲ್ಲೂ ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದಾಗಿ ಮಡಿಚಿದ ದಾರದ ಬಲೆಚೀಲವೊಂದು ಇರುತ್ತಿತ್ತು. ಅದರ ಹೆಸರು 'ಅವೋಸ್ಕಾ', 'ಸಿಕ್ಕರೂ ಸಿಗಬಹುದು' ಎಂಬ ಅರ್ಥದ ಚೀಲ. ಹೊಸ ವರ್ಷದ ರಾತ್ರಿಗೆ ಬೇಕಾದ ಒಂದು ಡಬ್ಬಿ ಬಟಾಣಿಯನ್ನು ಅಕ್ಟೋಬರಿನಲ್ಲೇ ದಕ್ಕಿಸಿಕೊಂಡು ಮಂಚದಡಿ ಇಡುತ್ತಿದ್ದರಂತೆ. ಸೀಮೆಎಣ್ಣೆಯ ಸಾಲಿನಲ್ಲಿ ಡಬ್ಬಿಯನ್ನು ನಮ್ಮ ಬದಲಿಗೆ ನಿಲ್ಲಿಸಿ ಶಾಲೆಗೆ ಓಡುತ್ತಿದ್ದ ನಾನು ಈ ವಿವರಗಳಿಗೆ ಬೆರಗಾಗಲಿಲ್ಲ. ಬೆರಗಾದದ್ದು ಅವರು ಅದನ್ನು ದೂರಿನ ಧಾಟಿಯಲ್ಲಿ ಹೇಳದೆ, ಗೆದ್ದ ಆಟಗಳ ಲೆಕ್ಕದಂತೆ ಹೇಳಿದ್ದಕ್ಕೆ.

ಕೊರಿಯನ್ನರನ್ನು ರೈಲಿನಲ್ಲಿ ತಂದಿಳಿಸಿದ ಊರಾದ ಉಷ್ತೋಬೆಯನ್ನು ನಾನು ನೋಡಬೇಕೆಂದಿದ್ದೆ. ಮಲಗುವ ಮುನ್ನ ಬಾಬುಷ್ಕಾ ತಾವೂ ಬರುವುದಾಗಿ ಹೇಳಿದರು. ಅದು ಅವರು ಹುಟ್ಟಿದ ಊರು.

ಮೂರನೆಯ ದಿನ: ತುರ್ಕ್‌ಸಿಬ್ ರೈಲು

ಅಲ್ಮಾಟಿಯಿಂದ ಈಶಾನ್ಯಕ್ಕೆ ಸುಮಾರು 300 ಕಿಲೋಮೀಟರ್ ದೂರದ ಉಷ್ತೋಬೆಗೆ ರಸ್ತೆಯೂ ಇದೆ, ಆದರೆ ಬಾಬುಷ್ಕಾ ರೈಲೇ ಬೇಕೆಂದರು. ಸೈಬೀರಿಯವನ್ನು ಮಧ್ಯ ಏಷ್ಯಾಕ್ಕೆ ಜೋಡಿಸುವ ಈ ತುರ್ಕ್‌ಸಿಬ್ ಹಳಿ 1930ರಲ್ಲಿ ಪೂರ್ತಿಯಾಯಿತು. ಏಳು ವರ್ಷಗಳ ತರುವಾಯ ಇದೇ ಹಳಿಯ ಮೇಲೆ ಅವರ ತಾಯಿ ಬಂದಿಳಿದರು.

ಡಬ್ಬಿಯ ಮೂಲೆಯಲ್ಲಿ ಸದಾ ಕುದಿಯುವ ನೀರಿನ ಹಂಡೆಯೊಂದಿದೆ. ಪ್ರಯಾಣಿಕರು ಅದರಿಂದ ನೀರು ಹಿಡಿದು ಚಹಾ ಮಾಡಿಕೊಳ್ಳುತ್ತಾರೆ. ಎದುರಿನ ಆಸನದ ಕಜಕ್ ಹೆಂಗಸು ತಮ್ಮ ಬುತ್ತಿ ಬಿಚ್ಚಿ, ಕರಿದ ಹಿಟ್ಟಿನ ಉಂಡೆಗಳಾದ ಬೌರ್ಸಾಕ್‌ಗಳನ್ನು ನಮ್ಮ ಮುಂದೆ ಸುರಿದು, ಬಟ್ಟಲಲ್ಲಿ ಹಾಲು ಹಾಕಿದ ಚಹಾ ಕೊಟ್ಟರು, ಅದೂ ಅರ್ಧ ಬಟ್ಟಲು ಮಾತ್ರ. ತುಂಬ ಕೊಟ್ಟರೆ 'ಕುಡಿದು ಹೊರಡು' ಎಂದಂತೆ. ಅರ್ಧರ್ಧ ಕೊಟ್ಟರೆ ಮತ್ತೆ ಮತ್ತೆ ಬಗ್ಗಿಸುವ ನೆಪದಲ್ಲಿ ಮಾತು ಬೆಳೆಯುತ್ತದೆ. ನಾನು ಭಾರತದವಳೆಂದು ತಿಳಿದೊಡನೆ ಅವರೂ ಬಾಬುಷ್ಕಾನೂ ಒಟ್ಟಿಗೆ "ಆನೆಯ ಚಹಾ!" ಎಂದರು. ಸೋವಿಯತ್ ಅಂಗಡಿಗಳಲ್ಲಿ ಆನೆಯ ಚಿತ್ರದ ಪೊಟ್ಟಣದಲ್ಲಿ ಬರುತ್ತಿದ್ದ ಭಾರತದ ಚಹಾಕ್ಕೆ ಎಲ್ಲಿಲ್ಲದ ಬೇಡಿಕೆ. ಜಾರ್ಜಿಯಾದ ಚಹಾ ಎಲ್ಲ ಕಡೆ ಸಿಗುತ್ತಿತ್ತು, ಆದರೆ ಅತಿಥಿಗಳಿಗೆ ಆನೆಯೇ ಬೇಕು. ಖಾಲಿ ಪೊಟ್ಟಣವನ್ನೂ ಎಸೆಯದೆ ಅದರಲ್ಲಿ ಗುಂಡಿ, ಸೂಜಿ ಇಡುತ್ತಿದ್ದರಂತೆ.

ಬಾಬುಷ್ಕಾ ತಾಯಿಯ ಕಥೆ ಹೇಳಿದ್ದು ಕಿಟಕಿಯ ಹೊರಗೆ ನೋಡುತ್ತಾ, ತುಂಡು ತುಂಡಾಗಿ. ಸೋವಿಯತ್ ಒಕ್ಕೂಟದ ದೂರಪೂರ್ವದಲ್ಲಿ, ವ್ಲಾದಿವೊಸ್ತೋಕ್ ಸುತ್ತಮುತ್ತ, ಕೊರಿಯನ್ ರೈತರು ಹತ್ತೊಂಬತ್ತನೆಯ ಶತಮಾನದಿಂದಲೇ ನೆಲೆಸಿದ್ದರು. ಜಪಾನಿನ ಗೂಢಚಾರರು ಇವರ ನಡುವೆ ನುಸುಳಬಹುದು ಎಂಬ ಶಂಕೆಯ ಮೇಲೆ 1937ರ ಆಗಸ್ಟ್ 21ರಂದು ಸ್ಟಾಲಿನ್ ಮತ್ತು ಸರಕಾರದ ಮುಖ್ಯಸ್ಥ ಮೊಲೊತೊವ್ ಸಹಿ ಹಾಕಿದ ಆದೇಶ ಹೊರಬಿತ್ತು. ಶರತ್ಕಾಲ ಮುಗಿಯುವುದರೊಳಗೆ ಸುಮಾರು 1,72,000 ಜನರನ್ನು ಸರಕು ಸಾಗಣೆಯ ಡಬ್ಬಿಗಳಲ್ಲಿ ತುಂಬಿ ಕಜಕಸ್ತಾನ, ಉಜ್ಬೆಕಿಸ್ತಾನಗಳಿಗೆ ಸಾಗಿಸಿದರು. ಒಂದು ಇಡೀ ಜನಾಂಗವನ್ನು ಹೀಗೆ ಕಿತ್ತು ಸಾಗಿಸಿದ ಮೊದಲ ಪ್ರಕರಣಗಳಲ್ಲಿ ಇದೂ ಒಂದು. ಆಗ ಬಾಬುಷ್ಕಾ ಅವರ ತಾಯಿಗೆ ಒಂಬತ್ತು ವರ್ಷ. ಪಯಣ ಒಂದು ತಿಂಗಳು. ಮನೆಯಿಂದ ತಂದ ಎರಡು ಗೋಣಿಯಲ್ಲಿ ಒಂದರಲ್ಲಿದ್ದದ್ದು ಬಿತ್ತನೆಯ ಭತ್ತ. ನಿಲ್ದಾಣಗಳಲ್ಲಿ ಕುದಿಯುವ ನೀರು ಕೊಡುತ್ತಿದ್ದರು, ಕೆಲವೊಮ್ಮೆ ಬ್ರೆಡ್ಡು. ಹಸಿದ ಮಕ್ಕಳು ಅತ್ತರೂ ಅಜ್ಜ ಬಿತ್ತನೆಯ ಗೋಣಿಯ ಬಾಯಿ ಬಿಚ್ಚಲು ಬಿಡಲಿಲ್ಲ, ಅದರ ಮೇಲೇ ಮಲಗಿದರು. ತಾಯಿಯ ತಮ್ಮ, ಎರಡು ವರ್ಷದ ಮಗು, ದಾರಿಯಲ್ಲಿ ತೀರಿಕೊಂಡಿತು. ಯಾವ ನಿಲ್ದಾಣದ ಬಳಿ ಹೂತರೆಂದು ಯಾರಿಗೂ ನೆನಪಿಲ್ಲ.

ಇಷ್ಟು ಹೇಳಿ ಅವರು ಮತ್ತೆ ಹಂಡೆಯ ಬಳಿಗೆ ಎದ್ದುಹೋದರು.

ನಾಲ್ಕನೆಯ ದಿನ: ಉಷ್ತೋಬೆ

ಊರ ಹೊರಗಿನ ಬಾಸ್ತೋಬೆ ಎಂಬುದು ಬೋಳು ಗುಡ್ಡ. ಅದರ ಬುಡದಲ್ಲಿ ಕೊರಿಯನ್ನರ ಸ್ಮಶಾನ, ಕಲ್ಲಿನ ಸ್ಮಾರಕಗಳು ಮತ್ತು ನೆಲದಲ್ಲಿ ಅಲ್ಲಲ್ಲಿ ಕುಸಿದ ತಗ್ಗುಗಳು. 1937ರ ಅಕ್ಟೋಬರ್ 9ರಿಂದ 1938ರ ಏಪ್ರಿಲ್ 10ರವರೆಗೆ ಕೊರಿಯನ್ನರು ಇಲ್ಲಿ ನೆಲದೊಳಗಿನ ಗುಂಡಿಮನೆಗಳಲ್ಲಿ ಬದುಕಿದರು ಎಂದು ಸ್ಮಾರಕದ ಕಲ್ಲು ಹೇಳುತ್ತದೆ. ಒಂದು ತಗ್ಗಿನ ಅಂಚಿನಲ್ಲಿ ನಿಂತು ನೋಡಿದೆ. ನಮ್ಮೂರಿನ ಹಗೇವು ಇದಕ್ಕಿಂತ ಆಳವಾಗಿರುತ್ತಿತ್ತು. ಹಗೇವಿನಲ್ಲಿ ನಾವು ಜೋಳ ಇಡುತ್ತಿದ್ದೆವು, ಇಲ್ಲಿ ಜನ ಇದ್ದರು. ಮೇಲೆ ಜೊಂಡಿನ ಚಪ್ಪರ, ಒಳಗೆ ಮಣ್ಣಿನ ಒಲೆ, ಹೊರಗೆ ಹುಲ್ಲುಗಾವಲಿನ ಚಳಿಗಾಳಿ.

ಆ ಚಳಿಗಾಲದಲ್ಲಿ ಉಳಿಸಿದವರು ಕಜಕರು ಎಂದು ಬಾಬುಷ್ಕಾ ಹೇಳಿದರು. ಒಬ್ಬ ಹೆಂಗಸು ದುಂಡನೆಯ ರೊಟ್ಟಿಯನ್ನು ಎದೆಗೆ ಅವುಚಿಕೊಂಡು ಬಂದು, ಮುರಿದು, ಒಂದು ತುಂಡನ್ನು ತಾಯಿಯ ಕೈಗೆ ಕೊಟ್ಟಳಂತೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅನ್ನ ಉಂಡು ಬೆಳೆದ ಹುಡುಗಿಗೆ ಅದನ್ನು ತಿನ್ನುವುದು ಹೇಗೆಂದೂ ಮೊದಲು ಗೊತ್ತಾಗಲಿಲ್ಲ. ಕೊಟ್ಟ ಕಜಕರಲ್ಲೂ ತುಂಬಿ ತುಳುಕುತ್ತಿರಲಿಲ್ಲ. ನಾಲ್ಕೈದು ವರ್ಷಗಳ ಹಿಂದಷ್ಟೇ ಅವರ ಮನೆಮನೆಯಲ್ಲೂ ಹಸಿವೆಯ ಸಾವುಗಳಾಗಿದ್ದವು.

ವಸಂತದಲ್ಲಿ ಕರಾತಾಲ್ ನದಿಯ ನೀರು ತಿರುಗಿಸಿ ಕಾಲುವೆ ತೋಡಿ, ಆ ಗೋಣಿಯ ಭತ್ತ ಬಿತ್ತಿದರು. ಅನ್ನ ಮರಳಿತು, ಭಾಷೆ ಮರಳಲಿಲ್ಲ. 1938ರಿಂದ ಕೊರಿಯನ್ ಶಾಲೆಗಳನ್ನು ರಷ್ಯನ್ ಶಾಲೆಗಳಾಗಿ ಬದಲಿಸಿದರು. ಬಾಬುಷ್ಕಾ ಅವರ ಪೀಳಿಗೆಗೆ ಉಳಿದದ್ದು ಅಡುಗೆಯ ಹೆಸರುಗಳು ಮಾತ್ರ: ಕುಕ್ಸಿ, ಚಿಮ್ಚಿ, ಖೆ. 1950ರ ದಶಕದ ನಡುವಿನ ತನಕ ಇವರಿಗೆ ಊರು ಬಿಟ್ಟು ಹೋಗುವ ಸ್ವಾತಂತ್ರ್ಯವಿರಲಿಲ್ಲ. ಅದು ಸಿಕ್ಕಮೇಲೆ ಅನೇಕರು 'ಕೊಬೊಂಜಿ' ಹಿಡಿದರು. ಮಾರ್ಚಿನಲ್ಲಿ ಸಂಸಾರ ಸಮೇತ ದೂರದ ಸಾಮೂಹಿಕ ಕೃಷಿಕ್ಷೇತ್ರವೊಂದಕ್ಕೆ ಹೋಗುವುದು, ಜಮೀನು ಗುತ್ತಿಗೆ ಹಿಡಿದು ಈರುಳ್ಳಿ, ಕಲ್ಲಂಗಡಿ ಬೆಳೆಯುವುದು, ಕ್ಷೇತ್ರದ ಪಾಲು ಒಪ್ಪಿಸಿ ಉಳಿದದ್ದನ್ನು ಮಾರಿ ಚಳಿಗಾಲಕ್ಕೆ ಮರಳುವುದು. ಖಾಸಗಿ ಬೇಸಾಯವೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದ ದೇಶದಲ್ಲಿ ಇದು ದಶಕಗಳ ಕಾಲ ಕಣ್ಮುಚ್ಚಾಲೆಯಂತೆ ನಡೆಯಿತು. ನಮ್ಮ ಗ್ರಂಥಾಲಯದ ಆ ಪುಸ್ತಕಗಳಲ್ಲಿ ಇದರ ಪ್ರಸ್ತಾಪ ಬಂದದ್ದು ನನಗೆ ನೆನಪಿಲ್ಲ.

ಅಂದು ಭಾದ್ರಪದದ ಹುಣ್ಣಿಮೆ. ಕೊರಿಯನ್ನರ ಎಂಟನೆಯ ತಿಂಗಳ ಹುಣ್ಣಿಮೆಯೂ ಅದೇ. ಹಿರಿಯರ ಸಮಾಧಿಗೆ ಎಡೆ ಇಡುವ ದಿನ. ನಮ್ಮಲ್ಲಿ ಮರುದಿನದಿಂದ ಪಕ್ಷಮಾಸ. ಬಾಬುಷ್ಕಾ ರೈಲನ್ನೇ ಹಟ ಹಿಡಿದು, ಈ ದಿನವನ್ನೇ ಆರಿಸಿದ್ದು ಏಕೆಂದು ನನಗೆ ಆಗ ತಿಳಿಯಿತು. ತಾಯಿಯ ಸಮಾಧಿಯ ಮೇಲಿನ ಒಣಹುಲ್ಲು ಕಿತ್ತು, ಕಲ್ಲು ಒರಸಿ, ಅನ್ನ, ಬೇಯಿಸಿದ ಮೊಟ್ಟೆ, ಸೇಬು, ಡಬ್ಬಿಯಲ್ಲಿ ತಂದಿದ್ದ ಕ್ಯಾರೆಟ್ಟು ಎಲ್ಲವನ್ನೂ ಬಟ್ಟೆಯ ಮೇಲಿಟ್ಟು ಮೂರು ಸಲ ತಲೆಬಾಗಿದರು. ಚಿಕ್ಕ ಲೋಟದಿಂದ ವೋಡ್ಕಾ ಚೆಲ್ಲಿದರು. ಕೊನೆಗೆ ಕೈಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದರು. ಅದರಲ್ಲಿದ್ದದ್ದು ನಾನು ಮೊದಲ ದಿನ ಕೊಟ್ಟ ಜೋಳದ ರೊಟ್ಟಿ, ಅಂಚು ಮುರಿದದ್ದು.

ತಾಯಿ ತೀರಿಕೊಂಡದ್ದು 1994ರಲ್ಲಿ. ಮನೆ ಖಾಲಿ ಮಾಡುವಾಗ ಮಂಚದಡಿ ಒಂದು ತಲೆದಿಂಬಿನ ಚೀಲ ಸಿಕ್ಕಿತು, ಬಾಯಿಯನ್ನು ದಾರದಿಂದ ಬಿಗಿದದ್ದು. ತುಂಬ ಸುಖಾರಿ. ಪ್ರತಿ ವಾರ ಉಳಿದ ಬ್ರೆಡ್ಡನ್ನು ಬೆರಳುದ್ದ ಕತ್ತರಿಸಿ, ಒಲೆಯ ಮೇಲೆ ಒಣಗಿಸಿ, ಹಳೆಯದನ್ನು ಸೂಪಿಗೆ ಹಾಕಿ, ಹೊಸದನ್ನು ಚೀಲಕ್ಕೆ ತುಂಬುತ್ತಿದ್ದರಂತೆ, 57 ವರ್ಷಗಳ ಕಾಲ. ಮಕ್ಕಳು ಕೇಳಿದರೆ "ಸೂಪಿಗೆ" ಎನ್ನುತ್ತಿದ್ದರು. ಸರಕು ಡಬ್ಬಿಯ ಕಥೆಯನ್ನು ಅವರು ಬಾಯಿಬಿಟ್ಟು ಹೇಳಿದ್ದು ಸೋವಿಯತ್ ಒಕ್ಕೂಟವೇ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ, ಒಂದೇ ಒಂದು ಸಲ. ಆ ಚೀಲವನ್ನು ಏನು ಮಾಡಿದಿರಿ ಎಂದು ಕೇಳಿದೆ. "ಸೂಪಿಗೆ ಹಾಕಿದೆವು," ಎಂದರು ಬಾಬುಷ್ಕಾ. "ಆಗ ಅಂಗಡಿಯಲ್ಲಿ ಏನೂ ಇರಲಿಲ್ಲ."

ಮಧ್ಯಾಹ್ನ ಅವರ ಸಂಬಂಧಿಕರ ಮನೆಯಲ್ಲಿ ಕುಕ್ಸಿ. ತಣ್ಣಗಿನ ಹುಳಿ ಸಾರಿನಲ್ಲಿ ತೆಳ್ಳನೆಯ ಗೋದಿ ಶಾವಿಗೆ, ಸೌತೆಕಾಯಿ, ಎಲೆಕೋಸು. ಮಾಂಸವಿಲ್ಲದೆ ಎರಡು ಬಟ್ಟಲು ನಮಗಾಗಿ ಬೇರೆ ಮಾಡಿದ್ದರು. ಮನೆಯ ಹಿರಿಯರು ಪದೇ ಪದೇ ನನ್ನ ಬಟ್ಟಲು ನೋಡಿ, ಕಡಿಮೆಯಾದೊಡನೆ ತುಂಬಿಸುತ್ತಲೇ ಇದ್ದರು.

ಐದನೆಯ ದಿನ: ಮರಳಿ ಅಲ್ಮಾಟಿ

ಹಿಂತಿರುಗುವ ಪಯಣದಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ನಿಲ್ದಾಣದ ಬಳಿಯ ಒಂದು ಊಟದ ಮನೆಯಲ್ಲಿ ಮಾಂಸ ಬೇಡವೆಂದು ಮೂರು ಬಾರಿ ಹೇಳಿ ತರಿಸಿಕೊಂಡ ಬೀಟ್‌ರೂಟ್ ಸಾರಿನ ತಳದಲ್ಲಿ ಎಲುಬು ಸಿಕ್ಕಿತು. "ಮಾಂಸ ಎಲ್ಲಿದೆ? ತೆಗೆದುಬಿಟ್ಟಿದ್ದೇನಲ್ಲ!" ಎಂದು ಬಡಿಸುವಾಕೆ ನನ್ನ ಮೇಲೇ ಬೇಸರಪಟ್ಟುಕೊಂಡಳು. ರೊಟ್ಟಿಯ ಗಂಟು ಮತ್ತೆ ಹೊರಬಂತು.

ಸಂಜೆ ಊರಿನೊಳಗಿನ ಬರಗಾಲದ ಸ್ಮಾರಕಕ್ಕೆ ಹೋದೆವು. ಬರಗಾಲ ಎನ್ನುವುದೇ ತಪ್ಪು ಮಾತು. ಮಳೆ ಕೈಕೊಟ್ಟದ್ದು ಅದರ ಮುಖ್ಯ ಕಾರಣವಲ್ಲ. ಕಜಕರು ಅದನ್ನು 'ಅಶರ್ಶಿಲಿಕ್', ಎಂದರೆ ಹಸಿವೆ, ಎನ್ನುತ್ತಾರೆ. ಕುರಿ, ಕುದುರೆ, ಒಂಟೆಗಳ ಹಿಂದೆ ಹುಲ್ಲುಗಾವಲು ಸುತ್ತುತ್ತಿದ್ದ ಜನರನ್ನು ಒತ್ತಾಯದಿಂದ ಒಂದೆಡೆ ನೆಲೆಗೊಳಿಸಿ, ದನಕರುಗಳನ್ನು ಸಾಮೂಹಿಕ ಕ್ಷೇತ್ರಗಳಿಗೂ ನಗರಗಳ ಮಾಂಸದ ಪಾಲಿಗೂ ಕಸಿದುಕೊಂಡಾಗ, ಸುಮಾರು 4 ಕೋಟಿಯಷ್ಟಿದ್ದ ಜಾನುವಾರು 1933ರ ಹೊತ್ತಿಗೆ ಅದರ ಹತ್ತನೆಯ ಒಂದು ಭಾಗಕ್ಕೆ ಇಳಿಯಿತು. ಹಾಲು, ಮಾಂಸಗಳನ್ನೇ ನಂಬಿದ ಜನಕ್ಕೆ ಬೇರೆ ಏನು ಉಳಿದೀತು? 1930ರಿಂದ 1933ರ ನಡುವೆ ಸತ್ತವರು ಸುಮಾರು 15 ಲಕ್ಷ, ಅವರಲ್ಲಿ ಬಹುಪಾಲು ಕಜಕರು. ಒಟ್ಟು ಕಜಕ್ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಕೊಯ್ಲಾದ ಹೊಲದಲ್ಲಿ ತೆನೆ ಆಯ್ದರೂ ಹತ್ತು ವರ್ಷ ಸೆರೆ ವಿಧಿಸಬಹುದಾದ ಕಾನೂನು 1932ರ ಆಗಸ್ಟಿನಲ್ಲಿ ಬಂತು. ಇದೆಲ್ಲ ಮನೆಗಳಲ್ಲೂ ಪಿಸುಮಾತಾಗಿ ಉಳಿದು, ಬಹಿರಂಗವಾಗಿ ಬರೆಯಲು ಸಾಧ್ಯವಾದದ್ದು 1980ರ ದಶಕದ ಕೊನೆಯಲ್ಲಿ. ರೈಲಿನ ಆ ಕಜಕ್ ಹೆಂಗಸು ಇಳಿಯುವ ಮುನ್ನ ಮೇಜಿನ ಮೇಲಿನ ಬೌರ್ಸಾಕಿನ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತಿ ಬಾಯಿಗೆ ಹಾಕಿಕೊಂಡದ್ದು ಅಲ್ಲಿ ನಿಂತಾಗ ನೆನಪಾಯಿತು.

ಬಾಬುಷ್ಕಾ ಅಲ್ಮಾಟಿಯಲ್ಲೇ ಉಳಿದರು. ನಾವಿಬ್ಬರೂ ಉತ್ತರದ ರಾತ್ರಿ ರೈಲು ಹತ್ತಿದೆವು.

ಆರನೆಯ ದಿನ: ಕರಗಂದಾ, ದೊಲಿಂಕಾ

ಕರಗಂದಾ ಕಲ್ಲಿದ್ದಲಿನ ಊರು. ಯುದ್ಧಕಾಲದಲ್ಲಿ ಕೊರಿಯನ್ ಗಂಡಸರನ್ನು ಸೇನೆಗೆ ಸೇರಿಸಿಕೊಳ್ಳುವ ಬದಲು 'ಕಾರ್ಮಿಕ ಸೇನೆ' ಎಂಬ ಹೆಸರಿನಲ್ಲಿ ಇಲ್ಲಿಯ ಗಣಿಗಳಿಗೆ ಅಟ್ಟಿದರು. ಬಾಬುಷ್ಕಾ ಅವರ ತಂದೆಯೂ ಅದರಲ್ಲಿದ್ದರು. ಊರ ನೈರುತ್ಯಕ್ಕಿರುವ ದೊಲಿಂಕಾ ಎಂಬ ಹಳ್ಳಿ, ಕೈದಿಗಳನ್ನು ದುಡಿಸುತ್ತಿದ್ದ ಕಾರ್ಲಾಗ್ ಎಂಬ ಸೋವಿಯತ್ ಸೆರೆಶಿಬಿರದ ಆಡಳಿತ ಕೇಂದ್ರವಾಗಿತ್ತು. ಕಂಬಗಳ ಮುಖಮಂಟಪದ ಆ ಕಟ್ಟಡ ಈಗ ವಸ್ತು ಸಂಗ್ರಹಾಲಯ.

ಕಾರ್ಲಾಗಿನ ವಿಶೇಷವೆಂದರೆ ಅದು ಮೂಲತಃ ಒಂದು ಕೃಷಿ ಶಿಬಿರ. ಉತ್ತರ ದಕ್ಷಿಣ ಸುಮಾರು 300 ಕಿಲೋಮೀಟರ್, ಪೂರ್ವ ಪಶ್ಚಿಮ ಸುಮಾರು 200 ಕಿಲೋಮೀಟರ್ ಹಬ್ಬಿದ್ದ ಈ ಸೆರೆಮನೆಯ ಹೊಲಗಳು ಗಣಿ ಕೆಲಸಗಾರರಿಗೆ ಬೇಕಾದ ಧಾನ್ಯ, ತರಕಾರಿ, ಹಾಲು, ಮಾಂಸ ಒದಗಿಸಬೇಕಿತ್ತು. ಬೆಳೆಯುವ ಕೈದಿಗೆ ಸಿಗುವ ಬ್ರೆಡ್ಡು ಮಾತ್ರ ಅವನ ದಿನದ ಕೆಲಸದ ಅಳತೆಗೆ ಕಟ್ಟಿಬಿದ್ದಿತ್ತು. ಅಳತೆ ಮುಟ್ಟದವನಿಗೆ ಪಾಲು ಕಡಿಮೆ. ಪಾಲು ಕಡಿಮೆಯಾದವನು ನಾಳೆ ಇನ್ನಷ್ಟು ಹಿಂದೆ ಬೀಳುತ್ತಾನೆ. ಒಂದು ಮೂಲೆಯ ತಕ್ಕಡಿಯ ಮುಂದೆ ಮಗಳು ಬಹಳ ಹೊತ್ತು ನಿಂತಳು. ಅವಳ ಪಠ್ಯದಲ್ಲಿ ಹಸಿವೆಗೆ ದೇಹ ಹೇಗೆ ತನ್ನನ್ನೇ ತಿನ್ನುತ್ತದೆ ಎಂಬ ಅಧ್ಯಾಯವಿದೆಯಂತೆ.

ಹಳ್ಳಿಯಂಚಿನಲ್ಲಿ 'ಮಾಮೊಚ್ಕಿನೊ' ಸ್ಮಶಾನ, ಶಿಬಿರದಲ್ಲಿ ಹುಟ್ಟಿ ಶಿಬಿರದಲ್ಲೇ ಸತ್ತ ಕೂಸುಗಳದ್ದು. ಅಲ್ಲಿ ಯಾರೋ ಚಾಕೊಲೇಟುಗಳನ್ನು ಇಟ್ಟುಹೋಗಿದ್ದರು. ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಏಳನೆಯ ದಿನ: ಅಸ್ತಾನಾ, ಅಕ್ಮೋಲ್

ಅಸ್ತಾನಾದ ಗಾಜಿನ ಗೋಪುರಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. 1961ರಿಂದ ಈ ಊರಿಗೆ ತ್ಸೆಲಿನೊಗ್ರಾದ್, ಎಂದರೆ ಬೀಳುಭೂಮಿಯ ನಗರ, ಎಂಬ ಹೆಸರಿತ್ತು. 1954ರಲ್ಲಿ ಕ್ರುಶ್ಚೇವ್ ಆರಂಭಿಸಿದ ಬೀಳುಭೂಮಿ ಅಭಿಯಾನದಲ್ಲಿ ಉತ್ತರದ ಹುಲ್ಲುಗಾವಲುಗಳನ್ನು ಉತ್ತು ಗೋದಿ ಬಿತ್ತಿದರು, 1956ರಲ್ಲಿ ಕಜಕಸ್ತಾನ ಶತಕೋಟಿ ಪೂದ್, ಎಂದರೆ ಸುಮಾರು 1.6 ಕೋಟಿ ಟನ್, ಧಾನ್ಯ ಒಪ್ಪಿಸಿತು. ನಾನು ಬಾಲ್ಯದಲ್ಲಿ ಚಿತ್ರದಲ್ಲಿ ಕಂಡ ಹೊಲಗಳು ಇವೇ. ಆದರೆ 1963ರ ಬರಗಾಲದಲ್ಲಿ ಇದೇ ಒಕ್ಕೂಟ ಕೆನಡಾ, ಅಮೆರಿಕಗಳಿಂದ ಗೋದಿ ತರಿಸಿಕೊಳ್ಳಬೇಕಾಯಿತು. ಎರಡು ಮೂರು ವರ್ಷಗಳ ಬಳಿಕ ಧಾರವಾಡದ ರೇಷನ್ ಅಂಗಡಿಯಲ್ಲೂ ಅಮೆರಿಕದ ಗೋದಿ ಬಂತು. ಜೋಳದ ರೊಟ್ಟಿ ಬಡಿಯುವುದನ್ನಷ್ಟೇ ಬಲ್ಲ ನಮ್ಮ ಅವ್ವ ಆ ಹಿಟ್ಟು ಬಡಿದರೆ ಹರಡದೆ ರಬ್ಬರಿನಂತೆ ಹಿಂದಕ್ಕೆ ಜಗ್ಗುತ್ತದೆಂದು ಅತ್ತಿದ್ದನ್ನು ಅಜ್ಜಿ ಹೇಳುತ್ತಿದ್ದರು.

ಅಸ್ತಾನಾದಿಂದ ಪಶ್ಚಿಮಕ್ಕೆ ಮುಕ್ಕಾಲು ತಾಸಿನ ಹಾದಿಯ ಅಕ್ಮೋಲ್ ಹಳ್ಳಿಯಲ್ಲಿ 'ಅಲ್‌ಜೀರ್' ಶಿಬಿರವಿತ್ತು. ಆ ಹೆಸರು 'ಮಾತೃಭೂಮಿಯ ದ್ರೋಹಿಗಳ ಹೆಂಡಂದಿರ ಅಕ್ಮೋಲಿನ್ಸ್ಕ್ ಶಿಬಿರ' ಎಂಬುದರ ಹ್ರಸ್ವರೂಪ. ಇಲ್ಲಿದ್ದವರಲ್ಲಿ ಹೆಚ್ಚಿನವರ ಅಪರಾಧವೆಂದರೆ ಗಂಡ ಬಂಧಿತನಾದದ್ದು, ಅಷ್ಟೇ; ಶಿಕ್ಷೆ ಐದರಿಂದ ಎಂಟು ವರ್ಷ. ಮುಂದೆ ಜಗದ್ವಿಖ್ಯಾತ ನರ್ತಕಿಯಾದ ಮಾಯಾ ಪ್ಲಿಸೆತ್ಸ್ಕಾಯಾ ಅವರ ತಾಯಿ ರಾಹಿಲ್ ಕೈಗೂಸಿನೊಂದಿಗೆ ಇಲ್ಲಿದ್ದರು. ಕಪ್ಪು ಕಲ್ಲಿನ ಗೋಡೆಯ ಮೇಲೆ 7,000ಕ್ಕೂ ಹೆಚ್ಚು ಹೆಂಗಸರ ಹೆಸರುಗಳಿವೆ. ರಷ್ಯನ್, ಯಹೂದಿ, ಜಾರ್ಜಿಯನ್, ಪೋಲಿಷ್, ಕಜಕ್ ಹೆಸರುಗಳನ್ನು ಅಕ್ಷರ ಕೂಡಿಸಿ ಓದುತ್ತಾ ಹೋದ ಮಗಳು ಕೊರಿಯನ್ ಅಡ್ಡಹೆಸರೊಂದನ್ನು ಕಂಡು ನಿಂತಳು.

ಅಲ್ಲಿಯ ಮಾರ್ಗದರ್ಶಿ ಹೇಳಿದ ಕಥೆ ಈ ದೇಶದಲ್ಲಿ ಎಲ್ಲರಿಗೂ ಗೊತ್ತು. ಚಳಿಗಾಲದಲ್ಲಿ ಕೈದಿ ಹೆಂಗಸರು ಒಲೆಗಾಗಿ ಜಲನಾಶ್ ಸರೋವರದ ಅಂಚಿನಲ್ಲಿ ಜೊಂಡು ಕತ್ತರಿಸುತ್ತಿದ್ದರು. ಒಂದು ದಿನ ಹತ್ತಿರದ ಹಳ್ಳಿಯ ಕಜಕ್ ಮುದುಕರೂ ಮಕ್ಕಳೂ ಜೊಂಡಿನ ಮರೆಯಿಂದ ಎದ್ದು ಅವರತ್ತ ಬಿಳಿಯ ಕಲ್ಲುಗಳನ್ನು ಬೀಸತೊಡಗಿದರು. ನೋಡಿ, ಇಲ್ಲಿಯ ಮಕ್ಕಳಿಗೂ ನೀವು ಬೇಡವಾದವರು ಎಂದು ಕಾವಲುಗಾರರು ನಕ್ಕರು. ಎಡವಿ ಬಿದ್ದ ಒಬ್ಬಾಕೆಯ ಮುಖದ ಬಳಿಯೇ ಒಂದು ಕಲ್ಲು ಇತ್ತು, ಅದಕ್ಕೆ ಹಾಲಿನ ವಾಸನೆ. ಅದು ಕಲ್ಲಲ್ಲ, ಕುರ್ತ್. ಹುಳಿಮೊಸರಿನ ನೀರು ಬಸಿದು, ಉಪ್ಪು ಹಾಕಿ, ಉಂಡೆ ಕಟ್ಟಿ, ನಾವು ಸಂಡಿಗೆ ಒಣಗಿಸುವಂತೆ ಬಿಸಿಲಿನಲ್ಲಿ ಕಲ್ಲಾಗುವವರೆಗೆ ಒಣಗಿಸಿದ್ದು. ಹೆಂಗಸರು ಅವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬ್ಯಾರಕ್ಕಿಗೆ ಒಯ್ದರು.

ಹೊರಗೆ ಬಸ್ಸಿನ ತಂಗುದಾಣದಲ್ಲಿ ಒಬ್ಬ ಮುದುಕಿ ಮಡಿಲಲ್ಲಿ ಚೀಲವಿಟ್ಟುಕೊಂಡು ಕುರ್ತ್ ಮಾರುತ್ತಿದ್ದರು. ಕಾಲು ಕಿಲೋ ಕೊಂಡೆವು, ಅದರ ಮೇಲೆ ಎರಡು ಉಂಡೆಗಳನ್ನು ಕೊಸರು ಹಾಕಿದರು. ಒಂದನ್ನು ಬಾಯಿಗೆ ಹಾಕಿಕೊಂಡು ಕಚ್ಚಲು ಹೋದೆ, ಹಲ್ಲು ಜಾರಿತು. ಮುದುಕಿ ನಕ್ಕು, ಕೆನ್ನೆಯ ಒಳಗಿಟ್ಟುಕೋ ಎಂದು ತಮ್ಮ ಕೆನ್ನೆ ತಟ್ಟಿ ತೋರಿಸಿದರು. ಬಸ್ಸು ಹೊರಟಿತು. ಎರಡೂ ಬದಿಗೆ ಕೊಯ್ಲಾದ ಗೋದಿಯ ಕೂಳೆ. ಮೊದಲು ಬರೀ ಉಪ್ಪು, ಬಹಳ ಹೊತ್ತಿನ ಮೇಲೆ ಹುಳಿ, ಅದಾದ ಮೇಲೆ ತೀರ ನಿಧಾನವಾಗಿ ಹಾಲು. ಅಸ್ತಾನಾದ ಗೋಪುರಗಳು ಕಾಣಿಸಿಕೊಂಡಾಗಲೂ ಅದು ಇನ್ನೂ ಅರ್ಧ ಕರಗಿರಲಿಲ್ಲ.